ಹದಿಮೂರನೆಯದು ಫೇಲ್ ಆಗಲೇಬೇಕು

ಹನ್ನೆರಡಕ್ಕೆ ಹನ್ನೆರಡು! ಕಂಪ್ಯೂಟರಿನ ಪರದೆಯ ಮೇಲೆ ಒಂದರ ಕೆಳಗೊಂದು ಪಾಸ್, ಪಾಸ್, ಪಾಸ್ ಎಂದು ಸಾಲಾಗಿ ಬಂದಾಗ ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತೆ. ಮುಖದಲ್ಲಿ ಒಂದಿಷ್ಟು ಜಂಬವೂ ಇತ್ತೆನ್ನಿ. ಅದೇ ಹೊತ್ತಿನಲ್ಲಿ ಒಬ್ಬ ಮನುಷ್ಯನ ಕೆಲಸಕ್ಕೆ ಕಲ್ಲು ಹಾಕುತ್ತಿದ್ದೇನೆ ಎಂದು ನನಗೆ ಗೊತ್ತಿರಲಿಲ್ಲ.

ಇದು ನಡೆದದ್ದು ಹೋದ ತಿಂಗಳ ಒಂದು ಶನಿವಾರ, ಮಲಾಡಿನ ಒಂದು ಔಷಧಿ ಗೋಡೌನಿನ ಕಂಪ್ಯೂಟರ್ ರೂಮಿನಲ್ಲಿ. (ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಕಂಪ್ಯೂಟರಿಗೆ ಧೂಳು ಆಗುವುದಿಲ್ಲವಂತೆ. ನಮ್ಮೂರಿನ ಗರ್ಭಗುಡಿಯಲ್ಲೂ ಇಷ್ಟು ಮಡಿ ಇಲ್ಲ.)

ನನ್ನ ಉದ್ಯೋಗ ಹಳೆಯ ಓದುಗರಿಗೆ ಗೊತ್ತು. ಹೊಸಬರಿಗೆ ಹೇಳಿಬಿಡುತ್ತೇನೆ. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಪಕ್ಕಕ್ಕೆ ಪ್ಲಾಸ್ಟಿಕ್ ಬಕೆಟ್ ಮಾಡುವವರು, ಇನ್ನೊಂದು ಪಕ್ಕಕ್ಕೆ ತಗಡಿನ ಡಬ್ಬ ಮಾಡುವವರು, ನಡುವೆ ನಮ್ಮ ಆರು ಜನರ ಸಾಫ್ಟ್‌ವೇರ್ ಕಂಪನಿ. ಉಳಿದವರು ಪ್ರೋಗ್ರಾಮ್ ಬರೆಯುತ್ತಾರೆ. ನಾನು ಆ ಪ್ರೋಗ್ರಾಮುಗಳಿಗೆ ಪರೀಕ್ಷೆ ಬರೆಯುತ್ತೇನೆ. "ಅಂದ್ರೆ ಟ್ಯೂಷನ್ ಹೇಳ್ಕೊಡ್ತೀಯಾ?" ಎಂದು ಮೈಸೂರಿನ ನನ್ನ ಚಿಕ್ಕಮ್ಮ ಈಗಲೂ ಕೇಳುತ್ತಾರೆ.

ಟ್ಯೂಷನ್ ಅಲ್ಲ, ಎಗ್ಸಾಮಿನರ್ ಕೆಲಸ. ನಮ್ಮ ಪ್ರೋಗ್ರಾಮುಗಳಲ್ಲಿ ಬಣ್ಣವಿಲ್ಲ, ಚಿತ್ರವಿಲ್ಲ. ಕಪ್ಪು ಪರದೆಯಲ್ಲಿ ಒಂದು ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ ಅದು ತನ್ನ ಪಾಡಿಗೆ ಕೆಲಸ ಮಾಡಿ ಮುಗಿಸಬೇಕು. ಸರಿಯಾಗಿ ಮಾಡಿತೋ ಇಲ್ಲವೋ ಎಂದು ನೋಡಲು ನಾನು ಶೆಲ್ ಎಂಬ ಭಾಷೆಯಲ್ಲಿ ಸಣ್ಣ ಸಣ್ಣ ಸ್ಕ್ರಿಪ್ಟ್ ಬರೆಯುತ್ತೇನೆ. ಸ್ಕ್ರಿಪ್ಟ್ ಪ್ರೋಗ್ರಾಮನ್ನು ಓಡಿಸುತ್ತದೆ, ಪಾಸ್ ಅಥವಾ ಫೇಲ್ ಎಂದು ತೀರ್ಪು ಕೊಡುತ್ತದೆ.

ತಲೆನೋವು ಇರುವುದು ಬೇರೆ ಕಡೆ. ಎಲ್ಲ ಮೆಷಿನ್ನುಗಳಲ್ಲೂ ಇರುವುದು ಯೂನಿಕ್ಸ್ ಎಂದೇ ಹೇಳುತ್ತಾರೆ. ಆದರೆ ಒಂದೊಂದು ಕಂಪನಿಯ ಯೂನಿಕ್ಸ್ ಒಂದೊಂದು ಥರ. ಮೈಸೂರಿನವರ ಕನ್ನಡ, ಬಾಗಲಕೋಟೆಯವರ ಕನ್ನಡ, ಮಂಗಳೂರಿನವರ ಕನ್ನಡ ಇದ್ದ ಹಾಗೆ. ಕಾಂದಿವಲಿಯಲ್ಲಿ ಓಡಿದ್ದು ಮಲಾಡಿನಲ್ಲಿ ಮುಗ್ಗರಿಸಬಹುದು. ಅದಕ್ಕೇ ನಾನು ಮೂರು ಫ್ಲಾಪಿಗಳನ್ನು ಟಿಫಿನ್ ಡಬ್ಬಿಯಲ್ಲಿ ಹಾಕಿಕೊಂಡು ಲೋಕಲ್ ಟ್ರೇನಿನಲ್ಲಿ ಓಡಾಡುತ್ತೇನೆ. ಮೋಟರ್ ಇರುವ ಡಬ್ಬಿಗೆ ಹತ್ತುವುದಿಲ್ಲ. ಮೋಟರಿನ ಅಯಸ್ಕಾಂತಕ್ಕೆ ಫ್ಲಾಪಿ ಅಳಿಸಿಹೋಗುತ್ತದೆ ಎಂದು ಯಾರೋ ಹೇಳಿದ್ದರು. (ನಿಜವೋ ಸುಳ್ಳೋ ಗೊತ್ತಿಲ್ಲ. ನೀವಾದರೂ ಹತ್ತುತ್ತಿದ್ದಿರಾ?)

ಈಗ ಶನಿವಾರಕ್ಕೆ ಬನ್ನಿ.

ಮಲಾಡಿನ ಗೋಡೌನಿಗೆ ನಾವು ಕೊಟ್ಟದ್ದು ಎಕ್ಸ್‌ಪೈರಿ ಲಿಸ್ಟ್ ತೆಗೆಯುವ ಪ್ರೋಗ್ರಾಮ್. ಯಾವ ಔಷಧಿಯ ಅವಧಿ ಈ ತಿಂಗಳು ಮುಗಿಯುತ್ತದೆ ಎಂದು ಅದು ಪಟ್ಟಿ ಕೊಡಬೇಕು. ಆ ಪೆಟ್ಟಿಗೆಗಳನ್ನು ಅಂಗಡಿಗಳಿಗೆ ಕಳಿಸದೆ ಬೇರೆ ಇಡಬೇಕು. ಆ ಶನಿವಾರದ ಹಿಂದಿನ ತಿಂಗಳು ಪಟ್ಟಿ ಅರ್ಧಕ್ಕೇ ನಿಂತಿತ್ತು. ಉಳಿದರ್ಧದಲ್ಲಿ ಇರಬೇಕಾಗಿದ್ದ ಮಕ್ಕಳ ಕೆಮ್ಮಿನ ಔಷಧಿಯ ಎರಡು ಪೆಟ್ಟಿಗೆ ಅಂಗಡಿಗೆ ಹೊರಟೇಹೋಗಿದ್ದವು. ಅಂಗಡಿಯವನೇ ತಾರೀಖು ನೋಡಿ ವಾಪಸ್ ಕಳಿಸಿದ್ದರಿಂದ ಎಲ್ಲರೂ ಬಚಾವಾದರು.

ಸರಿ, ತಪ್ಪು ಯಾರದು?

ಪ್ರೋಗ್ರಾಮಿನದು ಎಂದು ಹೇಳಿದರೆ ನಾವು ಸಿಕ್ಕಿಬೀಳುತ್ತೇವೆ. ಆಪರೇಟರ್‌ನದು ಎಂದು ಹೇಳಿದರೆ ಬಸವರಾಜ್ ಸಿಕ್ಕಿಬೀಳುತ್ತಾರೆ.

ಬಸವರಾಜ್ ಬಾಗಲಕೋಟೆ ಕಡೆಯವರು, ವಯಸ್ಸು ನಲವತ್ತರ ಮೇಲೆ. ಅದೇ ಗೋಡೌನಿಗೆ ಹಮಾಲಿ ಕೆಲಸಕ್ಕೆ ಸೇರಿದವರು. ಪೆಟ್ಟಿಗೆ ಹೊತ್ತು ಹೊತ್ತು ಬೆನ್ನು ಕೈಕೊಟ್ಟಾಗ ಸ್ಟೇಷನ್ ಪಕ್ಕದ ಟೈಪಿಂಗ್ ಕ್ಲಾಸಿಗೆ ಸೇರಿ, ಹಟ ಹಿಡಿದು ಕಲಿತು, ಕಂಪ್ಯೂಟರ್ ರೂಮಿನ ಕುರ್ಚಿಗೆ ಬಂದವರು. ಮ್ಯಾನೇಜರ್ ಮೆಹ್ತಾ ಅವರಿಗೆ ಇದು ಮೊದಲಿನಿಂದಲೂ ಹಿಡಿಸಿರಲಿಲ್ಲ. ಬಸವರಾಜರನ್ನು ಒಂದನೇ ತಾರೀಖಿನಿಂದ ವಾಪಸ್ ಗೋಡೌನಿಗೆ, ಪೆಟ್ಟಿಗೆ ಹೊರಲು, ಕಳಿಸುವ ಕಾಗದ ಟೈಪಾಗಿ ಮೇಜಿನ ಮೇಲೆ ಕೂತಿತ್ತು. ಸಹಿಯೊಂದು ಬಾಕಿ.

"ನಾ ಏನೂ ಮಾಡಿಲ್ರೀ ಅಕ್ಕಾರ," ಎಂದು ಬಸವರಾಜ್ ನನಗೆ ಹೇಳಿದರು. "ಮೆನುದಾಗ ಮೂರನೇದ್ದು ಒತ್ತಿದ್ನಿ. ಪ್ರಿಂಟರ್ ಶುರು ಆತು. ನಡುವ ನಿಂತಬಿಡ್ತು. ನಾ ಅದನ್ನ ಮುಟ್ಟೇ ಇಲ್ರೀ."

ನಾನು ಏನು ಮಾಡಿದೆ? ಮರುಕದಿಂದ ತಲೆಯಾಡಿಸಿದೆ. ಆಮೇಲೆ ಫ್ಲಾಪಿ ಹಾಕಿ ನನ್ನ ಹನ್ನೆರಡು ಪರೀಕ್ಷೆಗಳನ್ನು ಓಡಿಸಿದೆ. ಹನ್ನೆರಡೂ ಪಾಸ್.

"ದೇಖಾ?" ಎಂದರು ಮೆಹ್ತಾ, ಬಸವರಾಜರ ಕಡೆ ತಿರುಗಿ. "ಬಾರಹ್ ಮೇ ಬಾರಹ್. ಅಬ್ ಕ್ಯಾ ಬೋಲೋಗೆ?"

'ಪ್ರೋಗ್ರಾಮಿನಲ್ಲಿ ದೋಷವಿಲ್ಲ' ಎಂಬ ಒಕ್ಕಣೆಯ ಪತ್ರಕ್ಕೆ ಮೆಹ್ತಾ ಸಹಿ ಹಾಕಿದರು. ನಾನೂ ಹಾಕಿದೆ. ಬಸವರಾಜ್ ನನ್ನನ್ನು ಮೆಟ್ಟಿಲವರೆಗೆ ಬಿಡಲು ಬಂದರು. ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಮೆಲ್ಲಗೆ ಕೇಳಿದರು.

"ತಪ್ಪ ತಿಳೀಬ್ಯಾಡ್ರಿ ಅಕ್ಕಾರ. ಒಂದ ಮಾತ ಕೇಳ್ಲೇನ್ರಿ? ನಿಮ್ಮ ಈ ಪರೀಕ್ಷಾದಾಗ ಇಲ್ಲೀತನಕ ಯಾರರೆ ಫೇಲ್ ಆಗ್ಯಾರೇನ್ರಿ?"

ನನಗೆ ಸಿಟ್ಟು ಬಂತು. ಏನು ಪ್ರಶ್ನೆ ಇದು? "ಪ್ರೋಗ್ರಾಮ್ ಚೆನ್ನಾಗಿದ್ರೆ ಯಾಕೆ ಫೇಲ್ ಆಗುತ್ತೆ, ಬಸವರಾಜ್ ಅವ್ರೇ?" ಎಂದು ಹೇಳಿ ಸರಸರ ಇಳಿದುಬಂದೆ.

ಮಲಾಡಿನಿಂದ ದಾದರ್, ಅಲ್ಲಿ ಬ್ರಿಡ್ಜ್ ದಾಟಿ ಸೆಂಟ್ರಲ್ ಲೈನ್ ಹಿಡಿದರೆ ನಮ್ಮ ಮುಲುಂಡ್. ಲೇಡೀಸ್ ಡಬ್ಬಿಯಲ್ಲಿ ಪಕ್ಕದವಳು ಬಟಾಣಿ ಸುಲಿಯುತ್ತಿದ್ದಳು. ನಾನು ಕಿಟಕಿಯಾಚೆ ನೋಡುತ್ತಾ ಬಸವರಾಜರಿಗೆ ಇನ್ನೂ ಏನೇನು ಹೇಳಬಹುದಾಗಿತ್ತು ಎಂದು ಮನಸ್ಸಿನಲ್ಲೇ ವಾದ ಮಾಡುತ್ತಿದ್ದೆ. ವಾದ ಕುರ್ಲಾ ತನಕ ಚೆನ್ನಾಗಿಯೇ ನಡೆಯಿತು. ಕುರ್ಲಾ ದಾಟಿದ ಮೇಲೆ ಒಂದು ಸಣ್ಣ ಹುಳ ಹೊಕ್ಕಿತು. ಹೌದಲ್ಲ, ಯಾವಾಗ ಫೇಲ್ ಆಗಿದೆ?

ನೆನಪಿಸಿಕೊಂಡೆ. ನನ್ನ ಈ ಸ್ಕ್ರಿಪ್ಟಿಗೆ ಮೂರು ತಿಂಗಳು. ಫೇಲ್ ಎಂಬ ಪದವನ್ನು ನಾನೇ ಅದರಲ್ಲಿ ಟೈಪ್ ಮಾಡಿದ್ದೆ. ಆದರೆ ಪರದೆಯ ಮೇಲೆ ಆ ಪದವನ್ನು ಒಂದು ದಿನವೂ ನೋಡಿರಲಿಲ್ಲ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿದ ಕೂಡಲೇ ಯಜಮಾನರನ್ನು ಹೊರಡಿಸಿದೆ. ಅವರು ಇಲ್ಲೇ ಮುಲುಂಡಿನ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾರೆ. ಕಂಪ್ಯೂಟರ್ ಲ್ಯಾಬಿನ ಬೀಗದ ಕೈ ಅವರ ಹತ್ತಿರ ಇರುತ್ತದೆ. "ಭಾನುವಾರನೂ ಬಿಡಲ್ವಾ?" ಎಂದು ಗೊಣಗಿದರೂ ಬಂದರು ಪಾಪ.

ಅಲ್ಲಿ ಕೂತು ಒಂದು ಕಿಡಿಗೇಡಿ ಕೆಲಸ ಮಾಡಿದೆ. ನಮ್ಮ ಎಕ್ಸ್‌ಪೈರಿ ಪ್ರೋಗ್ರಾಮನ್ನು ಪಕ್ಕಕ್ಕೆ ಸರಿಸಿ, ಅದೇ ಹೆಸರಿನಲ್ಲಿ ಒಂದು ಡೂಪ್ಲಿಕೇಟ್ ಇಟ್ಟೆ. ಅದು ಏನೂ ಮಾಡುವುದಿಲ್ಲ. ಶುರುವಾದ ಕೂಡಲೇ 'ನಾನು ಕೆಟ್ಟೆ' ಎಂದು ಒಪ್ಪಿಕೊಂಡು ಸಾಯುತ್ತದೆ, ಅಷ್ಟೆ. ಈಗ ನನ್ನ ಪರೀಕ್ಷೆಗಳನ್ನು ಓಡಿಸಿದೆ.

ಪಾಸ್. ಪಾಸ್. ಪಾಸ್. ಹನ್ನೆರಡಕ್ಕೆ ಹನ್ನೆರಡು.

ನಾಚಿಕೆಯೋ ಭಯವೋ ಹೇಳಲಾರೆ, ಕಿವಿಯವರೆಗೆ ಬಿಸಿಯಾಯಿತು. ಸತ್ತ ಪ್ರೋಗ್ರಾಮಿಗೆ ನಾನು ಫಸ್ಟ್ ಕ್ಲಾಸ್ ಕೊಟ್ಟಿದ್ದೆ.

ತಪ್ಪು ಹುಡುಕಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಪ್ರೋಗ್ರಾಮ್ ಕೊಡುವ ಉತ್ತರ ಪರದೆಯ ಮೇಲೂ ಕಾಣಲಿ, ಫೈಲಿನಲ್ಲೂ ಉಳಿಯಲಿ ಎಂದು ನಾನು ಅದನ್ನು ಇನ್ನೊಂದು ಸಣ್ಣ ಕಮಾಂಡಿನ ಮೂಲಕ ಹಾಯಿಸಿದ್ದೆ. ಆಮೇಲೆ 'ಕೆಲಸ ಸರಿಯಾಯಿತೆ?' ಎಂದು ಶೆಲ್ಲನ್ನು ಕೇಳುತ್ತಿದ್ದೆ. ಶೆಲ್ ಹೇಳುತ್ತಿದ್ದದ್ದು ಸಾಲಿನಲ್ಲಿ ಕೊನೆಗೆ ನಿಂತವನ ಸುದ್ದಿ, ಅಂದರೆ ಆ ಸಣ್ಣ ಕಮಾಂಡಿನ ಸುದ್ದಿ. ಬಂದದ್ದನ್ನು ಬರೆದುಕೊಳ್ಳುವುದು ಅದರ ಕೆಲಸ. ಬರೆದುಕೊಂಡೆ, ಎಲ್ಲ ಸರಿಯಾಯಿತು ಎಂದು ಅದು ಹೇಳುತ್ತಿತ್ತು. ಹಿಂದೆ ಪ್ರೋಗ್ರಾಮ್ ಬಿದ್ದು ಸತ್ತಿದ್ದರೆ ಅದಕ್ಕೇನಂತೆ?

ಆಪರೇಷನ್ ಸಕ್ಸಸ್ ಆಯಿತಾ ಎಂದು ಡಾಕ್ಟರನ್ನು ಕೇಳುವ ಬದಲು ನಾನು ರಿಜಿಸ್ಟರ್ ಬರೆಯುವವನನ್ನು ಕೇಳಿ ಬರುತ್ತಿದ್ದೆ.

ಮನೆಗೆ ಬಂದು ಅಡುಗೆ ಮಾಡಿದೆ. ತಲೆಯಲ್ಲಿ ಅದೇ ಸುತ್ತುತ್ತಿತ್ತು. ಸಾರಿಗೆ ಉಪ್ಪು ಹಾಕಲು ಕೈ ಎತ್ತಿದವಳು ಹಾಗೇ ಇಳಿಸಿದೆ. ಒಂದು ಚಿಟಿಕೆಯೂ ಹಾಕಲಿಲ್ಲ. ಬಡಿಸಿ, ಎದುರಿಗೆ ಕೂತು ಕೇಳಿದೆ. "ಸಾರು ಹೇಗಿದೆ?"

"ಚೆನ್ನಾಗಿದೆ," ಎಂದರು ಯಜಮಾನರು, ಪೇಪರಿನಿಂದ ಕಣ್ಣೆತ್ತದೆ.

ಮದುವೆಯಾಗಿ ಒಂಬತ್ತು ವರ್ಷ. ಒಂಬತ್ತು ವರ್ಷವೂ ನನ್ನ ಸಾರು ಚೆನ್ನಾಗಿದೆ ಎಂದು ನಂಬಿಕೊಂಡು ಬಂದವಳು ನಾನು! (ಉಪ್ಪಿನ ವಿಷಯ ಹೇಳಿದ ಮೇಲೆ "ನಿನಗೆ ಬೇಜಾರಾಗಬಾರದು ಅಂತ" ಎಂದರು. ಅದನ್ನು ಕಡತದಲ್ಲಿ ಇಟ್ಟಿದ್ದೇನೆ.)

ಯೋಚಿಸಿ ನೋಡಿ. ನಮ್ಮ ಸೊಸೈಟಿಯ ಲಿಫ್ಟಿನಲ್ಲಿ ತಪಾಸಣೆಯ ಕಾರ್ಡೊಂದು ನೇತಾಡುತ್ತದೆ. ಪ್ರತಿ ತಿಂಗಳೂ 'ಓಕೆ'. ಲಿಫ್ಟ್ ಕೆಟ್ಟು ನಿಂತಿದ್ದ ತಿಂಗಳಲ್ಲೂ 'ಓಕೆ' ಬಿದ್ದಿತ್ತು. ನೀರಿನ ಟ್ಯಾಂಕ್ ತೊಳೆದದ್ದು 'ಓಕೆ'. ಶಾಲೆಯಲ್ಲಿ ಮಕ್ಕಳ ಆರೋಗ್ಯ ತಪಾಸಣೆ 'ಓಕೆ'. ಈ ಓಕೆಗಳಲ್ಲಿ ಎಷ್ಟನ್ನು ಯಾರಾದರೂ ಅಲ್ಲಾಡಿಸಿ ನೋಡಿದ್ದಾರೆ?

ಸೋಮವಾರ ಬೆಳಿಗ್ಗೆ ನಮ್ಮ ಬಾಸ್ ಪಾಟೀಲ್ ಸಾಹೇಬರ ಕ್ಯಾಬಿನ್ನಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೆಳಗಾವಿಯವರು. ಕನ್ನಡ, ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಾರೆ.

"ಸಹಿ ಆತಲ್ಲ? ಮಗ ಕಶಾಲಾ ಟೆನ್ಶನ್?" ಎಂದರು, ಮತ್ತೆ ಯಾಕೆ ಟೆನ್ಶನ್ ಎಂದು. "ಮುಂದಿನ ವರ್ಶನ್‌ದಾಗ ಹಳೂಕ ಸರಿ ಮಾಡಿಬಿಡ್ರಿ. ಕೋಣಾಲಾ ಕಳಣಾರ?" ಯಾರಿಗೆ ತಿಳಿಯುತ್ತದೆ ಎಂದು ಅರ್ಥ.

"ಬಸವರಾಜ್ ಅವ್ರನ್ನ ಒಂದನೇ ತಾರೀಖಿನಿಂದ ಪೆಟ್ಟಿಗೆ ಹೊರೋಕೆ ಹಾಕ್ತಾರೆ ಸಾರ್."

"ಅವರ ಕಂಪನಿ, ಅವರ ಮನುಷ್ಯಾ. ನಾವ್ಯಾಕ ನಡುವ ಹೋಗೂದು?"

"ಆ ಪತ್ರದಲ್ಲಿ ನನ್ನ ಸಹಿ ಇದೆ ಸಾರ್. ನಡುವೆ ನಾನು ಆಗಲೇ ಹೋಗಿ ಆಯ್ತು."

ಅವರು ಕನ್ನಡಕ ತೆಗೆದು ಒರೆಸಿದರು. ನಾನು ಎದ್ದು ಹೋಗಲಿಲ್ಲ. ಹೊಸ ಪರೀಕ್ಷೆ ಬರೆಯಲು ಮೂರು ದಿನ ಕೊಡಿ, ಗುರುವಾರ ಮಲಾಡಿಗೆ ನಾನೇ ಹೋಗುತ್ತೇನೆ, ಕೊಡದಿದ್ದರೆ ಮೆಹ್ತಾ ಅವರಿಗೆ ಫೋನಿನಲ್ಲಿ ಈಗಲೇ ಹೇಳುತ್ತೇನೆ ಎಂದೆ. ಕೊನೆಗೆ ಅವರು "ಘ್ಯಾ, ಮೂರು ದಿನ ಘ್ಯಾ", ತಗೊಳ್ಳಿ ಎಂದು ಕೈ ಬೀಸಿದರು.

ಮೂರು ದಿನ ಮೂರು ಗಳಿಗೆಯಲ್ಲಿ ಹೋಯಿತು. ಹಗಲು ಕಾಂದಿವಲಿಯಲ್ಲಿ ಬರೆಯುವುದು, ಸಂಜೆ ಕಾಲೇಜು ಮುಚ್ಚುವುದರೊಳಗೆ ಮುಲುಂಡಿನ ಮೆಷಿನ್ನಿನಲ್ಲಿ ಓಡಿಸಿ ನೋಡುವುದು. ಪ್ರಿಂಟ್ ಮಾಡುವಾಗ ಮುಂದಿನ ಸಾಲಿಗೆ ಜಿಗಿಯದಂತೆ ತಡೆಯಲು ನಮ್ಮ ಮೆಷಿನ್ನಿಗೆ ಒಂದು ಗುರುತು ಸಾಕು. ಮುಲುಂಡಿನದು ಆ ಗುರುತನ್ನೇ ಅಕ್ಷರ ಎಂದುಕೊಂಡು ಪ್ರಿಂಟ್ ಮಾಡಿತು! ಸಾಲು ಎಣಿಸು ಎಂದರೆ ನಮ್ಮದು ನೆಟ್ಟಗೆ ಏಳು ಎನ್ನುತ್ತದೆ. ಮುಲುಂಡಿನದು ಏಳರ ಹಿಂದೆ ಒಂದಿಷ್ಟು ಖಾಲಿ ಜಾಗ ಬಿಟ್ಟು ಏಳು ಎನ್ನುತ್ತದೆ. ಎರಡೂ ಏಳೇ, ಆದರೆ ನನ್ನ ಸ್ಕ್ರಿಪ್ಟಿಗೆ ಅವು ಬೇರೆ ಬೇರೆ. ಅಲ್ಲಿ ಫೇಲ್ ಆದದ್ದು ಪ್ರೋಗ್ರಾಮ್ ಅಲ್ಲ, ಪರೀಕ್ಷೆಯೇ.

ನನಗೂ ಹಟ ಬಂತು. ಚಮತ್ಕಾರವನ್ನೆಲ್ಲ ಕಿತ್ತು ಎಸೆದೆ. ಮೂರು ಮೆಷಿನ್ನುಗಳಿಗೂ ಒಂದೇ ಥರ ಅರ್ಥವಾಗುವ ಮಾತು ಮಾತ್ರ ಇಟ್ಟುಕೊಂಡೆ. ನಾವು ಮುಂಬಯಿ ಕನ್ನಡಿಗರು ಮಾಡುವುದೂ ಅದನ್ನೇ ಅಲ್ಲವೆ? ನನ್ನ ಮೈಸೂರಿನ ಮಾತು ಒಂದಿಷ್ಟು ಬಿಟ್ಟು, ಬಸವರಾಜ್ ತಮ್ಮದು ಒಂದಿಷ್ಟು ಬಿಟ್ಟು, ನಡುವೆ ಎಲ್ಲೋ ನಿಂತು ಮಾತಾಡುತ್ತೇವೆ. ಕೆಲಸ ನಡೆಯುತ್ತದೆ. ಪ್ರೋಗ್ರಾಮಿನ ಉತ್ತರ ನೇರವಾಗಿ ಫೈಲಿಗೆ. ಅದು ಬದುಕಿ ಮುಗಿಸಿತೋ ಸತ್ತಿತೋ ಎಂದು ಅದನ್ನೇ ಕೇಳುವುದು, ನಡುವೆ ದಲ್ಲಾಳಿ ಬೇಡ. ಸರಿಯುತ್ತರವನ್ನು ಮೊದಲೇ ಕೈಯಾರೆ ಬರೆದಿಟ್ಟು ಅಕ್ಷರ ಅಕ್ಷರ ತಾಳೆ ನೋಡುವುದು.

ಕೊನೆಗೆ ಒಂದು ಹದಿಮೂರನೆಯ ಪರೀಕ್ಷೆ ಸೇರಿಸಿದೆ. ಅದರಲ್ಲಿ ಓಡುವುದು ಆ ಡೂಪ್ಲಿಕೇಟ್ ಪ್ರೋಗ್ರಾಮ್. ಅದಕ್ಕೆ ಪರದೆಯ ಮೇಲೆ ಫೇಲ್ ಎಂದೇ ಬರಬೇಕು. ಅದೂ ಪಾಸ್ ಎಂದು ಬಂದರೆ ಉಳಿದ ಹನ್ನೆರಡನ್ನು ನಂಬಬೇಡಿ.

ಗುರುವಾರ ಮಲಾಡ್. ಮೆಹ್ತಾ, ಬಸವರಾಜ್, ನಾನು, ಮೂವರೂ ಬರಿಗಾಲಲ್ಲಿ ಎಸಿಯ ಚಳಿಯಲ್ಲಿ ನಿಂತಿದ್ದೆವು. ಎಂಟರ್ ಒತ್ತಿದೆ.

ಏಳು ಪಾಸ್. ಐದು ಫೇಲ್. ಹದಿಮೂರನೆಯದೂ ಫೇಲ್, ಆಗಬೇಕಾದ ಹಾಗೆ.

ಐದಕ್ಕೂ ಕಾರಣ ಒಂದೇ. ಔಷಧಿಯ ಪಟ್ಟಿಯಲ್ಲಿ ಎಲ್ಲಾದರೂ ಒಂದು ಕಾಲಮ್ ಖಾಲಿ ಇದ್ದರೆ ನಮ್ಮ ಪ್ರೋಗ್ರಾಮ್ ಇಲ್ಲದ ಜಾಗಕ್ಕೆ ಓದಲು ಹೋಗುತ್ತಿತ್ತು. ಕಾಂದಿವಲಿಯ ಮೆಷಿನ್ ಆಗ ಸೊನ್ನೆ ಕೊಟ್ಟು ಸುಮ್ಮನಾಗುತ್ತದೆ. ಮಲಾಡಿನ ಮೆಷಿನ್ ಪ್ರೋಗ್ರಾಮನ್ನೇ ಕತ್ತು ಹಿಡಿದು ಹೊರಗೆ ನೂಕುತ್ತದೆ. ಪಟ್ಟಿ ಅಲ್ಲಿಗೇ ನಿಲ್ಲುತ್ತದೆ. ಮಲಾಡಿನದೇ ಸರಿ, ನಿಜ ಹೇಳಬೇಕೆಂದರೆ. ತಪ್ಪು ಮುಚ್ಚಿಹಾಕಿದ್ದು ನಮ್ಮ ಮೆಷಿನ್.

"ಮೆಹ್ತಾ ಸಾಬ್, ಗಲತೀ ಹಮಾರೀ ಹೈ," ಎಂದೆ, ತಪ್ಪು ನಮ್ಮದೇ ಎಂದು. "ಪ್ರೋಗ್ರಾಮ್ ಕೀ ಭೀ, ಔರ್ ಮೇರೇ ಟೆಸ್ಟ್ ಕೀ ಭೀ. ಬಸವರಾಜ್ ಜೀ ಕೀ ನಹೀಂ." ಶನಿವಾರದ ಪತ್ರದಿಂದ ನನ್ನ ಸಹಿ ವಾಪಸ್ ತೆಗೆದುಕೊಳ್ಳುತ್ತೇನೆ ಎಂದೂ ಹೇಳಿದೆ.

ಮೆಹ್ತಾ ತಮ್ಮ ಕ್ಯಾಬಿನ್ನಿಗೆ ಹೋಗಿ, ಮೇಜಿನ ಮೇಲಿದ್ದ ವರ್ಗಾವಣೆಯ ಕಾಗದವನ್ನು ಎತ್ತಿ ಡ್ರಾಯರ್ ಒಳಗೆ ಹಾಕಿದರು. ಹರಿಯಲಿಲ್ಲ. ಡ್ರಾಯರ್ ಒಳಗೆ.

"ಒಳಗ ಐತ್ರಿ ಇನ್ನೂ," ಎಂದರು ಬಸವರಾಜ್, ನನಗಷ್ಟೇ ಕೇಳುವ ಹಾಗೆ.

ಅದು ಒಳಗಿರುವ ತನಕ ನನಗೂ ಸಮಾಧಾನ ಇರಲಿಲ್ಲ. ನಮ್ಮ ಹುಡುಗರು ಪ್ರೋಗ್ರಾಮನ್ನು ಸರಿಮಾಡಿಕೊಟ್ಟರು. ಆದರೆ ಈ ಸಲ ನಾನು ಪಾಟೀಲ್ ಸಾಹೇಬರಿಗೆ ಒಂದು ಷರತ್ತು ಹಾಕಿದೆ. ಪರೀಕ್ಷೆಗಳಿಗೆ ಬೇಕಾದ ಔಷಧಿ ಪಟ್ಟಿಗಳನ್ನು ಆಫೀಸಿನಲ್ಲಿ ಕೂತು ನಾವು ಕಲ್ಪಿಸುವುದಲ್ಲ, ದಿನವೂ ಅದರ ಜೊತೆ ಏಗುವ ಬಸವರಾಜ್ ಆರಿಸಿಕೊಡಬೇಕು. ಒಪ್ಪಿದರು. ಅವರು ಆರಿಸಿದ ಪಟ್ಟಿಗಳನ್ನು ನೋಡಿ ನಮ್ಮ ಹುಡುಗರು ತಲೆ ಚಚ್ಚಿಕೊಂಡರು. ಹೆಸರಿಲ್ಲದ ಔಷಧಿ, ಎರಡು ತಾರೀಖಿನ ಪೆಟ್ಟಿಗೆ, ಒಂದು ಸಾಲೂ ಇಲ್ಲದ ಖಾಲಿ ಪಟ್ಟಿ. "ಇವೆಲ್ಲಾ ಬರ್ತಾವ್ರಿ ಅಕ್ಕಾರ. ಮಂದಿ ಬರದು ಕೊಡೂದ ಹಂಗ," ಎಂದರು ಬಸವರಾಜ್, ತಣ್ಣಗೆ.

ಕಳೆದ ಸೋಮವಾರ ಹೊಸ ವರ್ಶನ್ ಮಲಾಡಿಗೆ ಹೋಯಿತು. ಈ ಸಲ ಕೀಬೋರ್ಡಿನ ಮುಂದೆ ನಾನು ಕೂರಲಿಲ್ಲ, ಬಸವರಾಜರನ್ನು ಕೂರಿಸಿದೆ. ಅವರು ಎರಡೇ ಬೆರಳಿನಲ್ಲಿ, ಆದರೆ ತಪ್ಪಿಲ್ಲದೆ, ಟೈಪ್ ಮಾಡುತ್ತಾರೆ. ಎಂಟರ್ ಒತ್ತಿದರು.

ಪಾಸ್, ಪಾಸ್, ಪಾಸ್. ಹನ್ನೆರಡೂ. ಕೊನೆಯ ಸಾಲಿನಲ್ಲಿ ಒಂದು ಫೇಲ್.

"ಯೇ ಕ್ಯಾ ಹೈ? ಅಬ್ ಭೀ ಫೇಲ್?" ಮೆಹ್ತಾ ಅವರ ಮುಖ ಕೆಂಪಾಯಿತು. ನಾನು ವಿವರಿಸಲು ಬಾಯಿ ತೆರೆದೆ.

ಬಸವರಾಜ್ ನನಗಿಂತ ಮೊದಲು ಮಾತಾಡಿದರು. ಎದ್ದು ನಿಲ್ಲಲಿಲ್ಲ. ಕುರ್ಚಿಯಲ್ಲೇ ತಿರುಗಿ ಹೇಳಿದರು. "ಸಾಬ್, ವೋ ಖರಾಬ್ ವಾಲಾ ಹೈ, ಹಮ್ ನೇ ಜಾನ್ ಬೂಝ್ ಕೆ ರಖಾ ಹೈ. ಉಸ್ ಕೋ ಫೇಲ್ ಹೋನಾ ಹೀ ಮಾಂಗ್ತಾ. ವೋ ಫೇಲ್ ಬೋಲಾ, ಇಸೀ ಲಿಯೇ ಬಾಕೀ ಬಾರಹ್ ಕಾ ಭರೋಸಾ ಹೈ."

'ಹಮ್ ನೇ' ಎಂದರು ನೋಡಿ. ಕೆಟ್ಟದ್ದನ್ನು ನಾವು ಬೇಕೆಂದೇ ಇಟ್ಟಿದ್ದೇವೆ, ಅದು ಫೇಲ್ ಎಂದದ್ದಕ್ಕೇ ಉಳಿದ ಹನ್ನೆರಡರ ಮೇಲೆ ಭರವಸೆ ಎಂದು. ನನ್ನ ಕಣ್ಣು ಒದ್ದೆಯಾದದ್ದು ಎಸಿಯ ಗಾಳಿಗೆ ಎಂದು ಅಲ್ಲಿದ್ದವರು ಅಂದುಕೊಂಡಿರಬಹುದು. ಅಲ್ಲ.

ಮೆಹ್ತಾ ಪರದೆಯನ್ನು ಇನ್ನೊಮ್ಮೆ ನೋಡಿದರು, ಬಸವರಾಜರನ್ನು ನೋಡಿದರು. ಕ್ಯಾಬಿನ್ನಿಗೆ ಹೋದರು. ಡ್ರಾಯರ್ ಎಳೆದ ಸದ್ದು ಕೇಳಿಸಿತು, ಆಮೇಲೆ ಕಾಗದ ಹರಿದ ಸದ್ದು. ಬಸವರಾಜ್ ತಿರುಗಿ ನೋಡಲಿಲ್ಲ. ಮೆನುವಿನಲ್ಲಿ ಮೂರನೆಯದನ್ನು ಒತ್ತಿದರು. ಪ್ರಿಂಟರ್ ಶುರುವಾಯಿತು. ಪಟ್ಟಿ ಕೊನೆಯ ಸಾಲಿನವರೆಗೂ ಬಂತು.

ಈಗ ನಮ್ಮ ಮನೆಯಲ್ಲಿ ಸಾರು ಹೇಗಿದೆ ಎಂದು ಕೇಳಿದರೆ ಯಜಮಾನರು ಮೊದಲು ಒಂದು ಗುಟುಕು ಕುಡಿಯುತ್ತಾರೆ. ನಿನ್ನೆ "ಹುಳಿ ಜಾಸ್ತಿ ಆಯ್ತು" ಎಂದರು. ಸಿಟ್ಟು ಬಂತು, ಆದರೂ ನಂಬಿದೆ.

ನಿಮ್ಮ ಮನೆಯಲ್ಲಿ, ಆಫೀಸಿನಲ್ಲಿ, ಸೊಸೈಟಿಯಲ್ಲಿ ಹನ್ನೆರಡಕ್ಕೆ ಹನ್ನೆರಡೂ ಪಾಸ್ ಆಗಿರಬಹುದು, ಸಂತೋಷ, ಹದಿಮೂರನೆಯದನ್ನು ಇಟ್ಟಿದ್ದೀರಾ?